23 ಗೋಲು ಹೊಡೆದವರು ಸೋತ ಸರಣಿ: ಐಸ್ ಹಾಕಿ ಪ್ಲೇಆಫ್ ವಾದಗಳನ್ನು ಬಿಡಿಸಿ ನೋಡುವ ಬಗೆ

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್‌ನ 2024ರ ಫೈನಲ್ ಆಡಿದ್ದು ಫ್ಲೋರಿಡಾ ಪ್ಯಾಂಥರ್ಸ್ ಮತ್ತು ಎಡ್ಮಂಟನ್ ಆಯ್ಲರ್ಸ್. ಮೊದಲ ಮೂರು ಪಂದ್ಯ ಫ್ಲೋರಿಡಾ ಪಾಲು: 3-0, 4-1, 4-3. ಆಮೇಲಿನ ಮೂರು ಎಡ್ಮಂಟನ್ ಪಾಲು: 8-1, 5-3, 5-1. ಜೂನ್ 24ರಂದು ನಡೆದ ಏಳನೆಯದು ಫ್ಲೋರಿಡಾಕ್ಕೆ, 2-1. ಈಗ ಕೂಡಿಸಿ ನೋಡಿ. ಎಡ್ಮಂಟನ್ 23 ಗೋಲು, ಫ್ಲೋರಿಡಾ 18. ಐದು ಗೋಲು ಹೆಚ್ಚು ಹೊಡೆದ ತಂಡ ಕಪ್ ಇಲ್ಲದೆ ಊರಿಗೆ ಮರಳಿತು. ಇಡೀ ಪ್ಲೇಆಫ್‌ನ, ಅಂದರೆ ಲೀಗ್ ಹಂತ ಮುಗಿದ ಮೇಲಿನ ನಾಕೌಟ್ ಸರಣಿಗಳ, ಅತ್ಯುತ್ತಮ ಆಟಗಾರನಿಗೆ ಸಲ್ಲುವ ಕಾನ್ ಸ್ಮೈತ್ ಟ್ರೋಫಿಯೂ ಸೋತ ತಂಡದ ಕಾನರ್ ಮೆಕ್‌ಡೇವಿಡ್‌ಗೇ ಹೋಯಿತು.

ಆ ಸರಣಿಯ ಮಾತು ಬಂದಾಗಲೆಲ್ಲ ಎರಡು ಗುಂಪು ಎದುರುಬದುರಾಗುತ್ತವೆ. ಎಡ್ಮಂಟನ್ನೇ ಮೇಲಾದ ತಂಡ, ಗ್ರಹಚಾರ ಸರಿಯಿರಲಿಲ್ಲ ಎನ್ನುತ್ತದೆ ಒಂದು ಗುಂಪು. ನಾಲ್ಕು ಪಂದ್ಯ ಗೆದ್ದವರು ಯಾರೋ ಅವರೇ ಮೇಲು, ಉಳಿದದ್ದೆಲ್ಲ ನೆಪ ಎನ್ನುತ್ತದೆ ಇನ್ನೊಂದು. ಇಬ್ಬರೂ ಒಂದೇ ವಿಷಯಕ್ಕೆ ಜಗಳ ಆಡುತ್ತಿದ್ದೇವೆ ಅಂದುಕೊಂಡಿರುತ್ತಾರೆ, ಆದರೆ ಅಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಯಾರು ಗೆದ್ದರು? ಯಾರು ಚೆನ್ನಾಗಿ ಆಡಿದರು? ಇದೇ ಎರಡು ತಂಡ ನಾಳೆ ಮತ್ತೆ ಆಡಿದರೆ ಯಾರ ಕೈ ಮೇಲಾಗಬಹುದು? ಮೊದಲನೆಯದಕ್ಕೆ ಸ್ಕೋರ್‌ಬೋರ್ಡ್ ಉತ್ತರ ಕೊಡುತ್ತದೆ, ಅದರಲ್ಲಿ ವಾದಕ್ಕೆ ಜಾಗವಿಲ್ಲ. ಉಳಿದ ಎರಡಕ್ಕೆ ಬೇರೆ ಪುರಾವೆ ಬೇಕು. ನ್ಯಾಷನಲ್ ಹಾಕಿ ಲೀಗ್ ಅಂದರೆ ಎನ್‌ಎಚ್‌ಎಲ್‌ನ ಪ್ಲೇಆಫ್ ವಾದಗಳಲ್ಲಿ ಮುಕ್ಕಾಲು ಪಾಲು ಹಳ್ಳ ಹಿಡಿಯುವುದು ಈ ಮೂರನ್ನೂ ಒಂದೇ ಗಂಟಿಗೆ ಕಟ್ಟಿದಾಗ. ಇಲ್ಲಿ ಆ ಗಂಟನ್ನು ಒಂದೊಂದೇ ಎಳೆಯಾಗಿ ಬಿಚ್ಚೋಣ.

ಯಾರಿಗೆ ಯಾರು ಎದುರಾಗುತ್ತಾರೆ

ಲೀಗ್‌ನಲ್ಲಿ 32 ತಂಡಗಳಿವೆ. ಈಸ್ಟರ್ನ್, ವೆಸ್ಟರ್ನ್ ಎಂಬ ಎರಡು ಕಾನ್ಫರೆನ್ಸ್, ಒಂದೊಂದರಲ್ಲಿ ಎರಡು ಡಿವಿಷನ್. ಪ್ರತಿ ಡಿವಿಷನ್‌ನ ಮೊದಲ ಮೂರು ತಂಡಗಳು ನೇರವಾಗಿ ಪ್ಲೇಆಫ್ ಸೇರುತ್ತವೆ. ಉಳಿದವುಗಳಲ್ಲಿ ಹೆಚ್ಚು ಅಂಕ ಗಳಿಸಿದ ಎರಡು ತಂಡಗಳಿಗೆ ಪ್ರತಿ ಕಾನ್ಫರೆನ್ಸ್‌ನಲ್ಲೂ ವೈಲ್ಡ್ ಕಾರ್ಡ್. ಹೀಗೆ ಒಟ್ಟು 16. ಡಿವಿಷನ್ ಗೆದ್ದ ಎರಡು ತಂಡಗಳಲ್ಲಿ ಹೆಚ್ಚು ಅಂಕದ್ದಕ್ಕೆ ಕಡಿಮೆ ಅಂಕದ ವೈಲ್ಡ್ ಕಾರ್ಡ್ ತಂಡ ಎದುರಾಳಿ, ಇನ್ನೊಂದಕ್ಕೆ ಇನ್ನೊಂದು. ಡಿವಿಷನ್‌ನ ಎರಡನೆಯ ಮತ್ತು ಮೂರನೆಯ ತಂಡಗಳು ತಮ್ಮತಮ್ಮಲ್ಲೇ ಸೆಣಸುತ್ತವೆ. ನಾಲ್ಕು ಸುತ್ತು, ಪ್ರತಿ ಸುತ್ತಿನಲ್ಲೂ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಕಪ್ ಬೇಕೆಂದರೆ 16 ಗೆಲುವು ಬೇಕು.

ಈ ಪದ್ಧತಿ ಬಂದದ್ದು 2013-14ರಲ್ಲಿ. ಅದಕ್ಕೂ ಮೊದಲು ಕಾನ್ಫರೆನ್ಸ್‌ನ ಎಂಟು ತಂಡಗಳಿಗೆ ಒಂದರಿಂದ ಎಂಟರವರೆಗೆ ಶ್ರೇಯಾಂಕ ಕೊಟ್ಟು ಒಂದಕ್ಕೆ ಎಂಟು, ಎರಡಕ್ಕೆ ಏಳು ಎಂದು ಜೋಡಿಸುತ್ತಿದ್ದರು. ಪ್ರತಿ ಸುತ್ತಿನ ನಂತರ ಹೊಸದಾಗಿ ಜೋಡಣೆ ಮಾಡುತ್ತಿದ್ದರು. ಈಗಿನ ಪದ್ಧತಿಯಲ್ಲಿ ಪಟ್ಟಿ ಮೊದಲೇ ಗಟ್ಟಿ, ಮಧ್ಯದಲ್ಲಿ ಮರುಜೋಡಣೆ ಇಲ್ಲ. ಹಳೆಯದೇ ಇರಲಿ ಎನ್ನುವವರ ವಾದದಲ್ಲಿ ಎಷ್ಟು ಹುರುಳಿದೆ ಎಂದು ತಿಳಿಯಲು 2025ರ ವೆಸ್ಟರ್ನ್ ಕಾನ್ಫರೆನ್ಸ್ ಅನ್ನೇ ಬಿಡಿಸಿ ನೋಡಬಹುದು.

ಅಂಕಗಳು ಹೀಗಿದ್ದವು: ವಿನ್ನಿಪೆಗ್ 116, ವೇಗಸ್ 110, ಡಲ್ಲಾಸ್ 106, ಲಾಸ್ ಏಂಜಲೀಸ್ 105, ಕೊಲೊರಾಡೊ 102, ಎಡ್ಮಂಟನ್ 101, ಮಿನೆಸೋಟ 97, ಸೇಂಟ್ ಲೂಯಿಸ್ 96. ಅಂಕದ ಪ್ರಕಾರ ಒಂದರಿಂದ ಎಂಟು ಜೋಡಿಸಿದರೆ ವಿನ್ನಿಪೆಗ್‌ಗೆ ಸೇಂಟ್ ಲೂಯಿಸ್, ವೇಗಸ್‌ಗೆ ಮಿನೆಸೋಟ. ನಿಜಕ್ಕೂ ಆದದ್ದೂ ಅದೇ. ವ್ಯತ್ಯಾಸ ನಡುವಿನ ಎರಡು ಜೋಡಿಗಳಲ್ಲಿ. ಹಳೆಯ ಲೆಕ್ಕದಲ್ಲಿ ಡಲ್ಲಾಸ್–ಎಡ್ಮಂಟನ್, ಲಾಸ್ ಏಂಜಲೀಸ್–ಕೊಲೊರಾಡೊ ಆಗಬೇಕಿತ್ತು. ಈಗಿನ ಲೆಕ್ಕದಲ್ಲಿ ಡಲ್ಲಾಸ್–ಕೊಲೊರಾಡೊ, ಲಾಸ್ ಏಂಜಲೀಸ್–ಎಡ್ಮಂಟನ್ ಆಯಿತು. ಡಲ್ಲಾಸ್ ದೃಷ್ಟಿಯಲ್ಲಿ 101ರ ಬದಲು 102 ಅಂಕದ ತಂಡ, ಅಂದರೆ ಬರೀ ಒಂದು ಅಂಕದ ಫರಕು. ಮೊದಲ ಸುತ್ತಿನಲ್ಲೇ ಅನ್ಯಾಯವಾಯಿತು ಎಂಬ ಕೂಗಿಗೆ ಆ ವರ್ಷ ಅಂಕಪಟ್ಟಿಯ ಆಧಾರ ತೀರಾ ತೆಳು.

ಎರಡನೆಯ ಸುತ್ತಿನ ಕತೆ ಬೇರೆ. ಉಳಿದದ್ದು ವಿನ್ನಿಪೆಗ್, ವೇಗಸ್, ಡಲ್ಲಾಸ್, ಎಡ್ಮಂಟನ್. ಮರುಜೋಡಣೆ ಇದ್ದಿದ್ದರೆ ವಿನ್ನಿಪೆಗ್‌ಗೆ ಎಡ್ಮಂಟನ್, ವೇಗಸ್‌ಗೆ ಡಲ್ಲಾಸ್ ಸಿಗುತ್ತಿತ್ತು. ಗಟ್ಟಿ ಪಟ್ಟಿಯಿಂದಾಗಿ ಲೀಗ್‌ನಲ್ಲೇ ಅತಿ ಹೆಚ್ಚು ಅಂಕ ಗಳಿಸಿದ್ದ ವಿನ್ನಿಪೆಗ್ 106 ಅಂಕದ ಡಲ್ಲಾಸ್‌ಗೆ ಎದುರಾಗಿ ಆರು ಪಂದ್ಯಗಳಲ್ಲಿ ಸೋತಿತು. ವೇಗಸ್ 101 ಅಂಕದ ಎಡ್ಮಂಟನ್‌ಗೆ ಎದುರಾಗಿ ಐದರಲ್ಲಿ ಸೋತಿತು. ಪದ್ಧತಿಯ ಮೇಲೆ ದೂರು ಹೇಳುವವರು ಬೆರಳಿಡಬೇಕಾದ ಜಾಗ ಇದು. ಮೊದಲ ಸುತ್ತಿನ ಜೋಡಿಗಿಂತ ಮರುಜೋಡಣೆ ಇಲ್ಲದಿರುವುದೇ ದೊಡ್ಡ ಕೊರತೆ.

ಮೊದಲ ಸುತ್ತೂ ಕೆಟ್ಟದಾಗಿ ಕೂತ ವರ್ಷಗಳಿವೆ, ಇಲ್ಲವೆಂದಲ್ಲ. 2017ರಲ್ಲಿ ಮೆಟ್ರೊಪಾಲಿಟನ್ ಡಿವಿಷನ್ ಒಂದರಲ್ಲೇ ವಾಷಿಂಗ್ಟನ್ 118, ಪಿಟ್ಸ್‌ಬರ್ಗ್ 111, ಕೊಲಂಬಸ್ 108 ಅಂಕ ಗಳಿಸಿದ್ದವು. ಪಿಟ್ಸ್‌ಬರ್ಗ್ ಮತ್ತು ಕೊಲಂಬಸ್ ಮೊದಲ ಸುತ್ತಿನಲ್ಲೇ ಮುಖಾಮುಖಿ. ಅತ್ತ ಅಟ್ಲಾಂಟಿಕ್ ಡಿವಿಷನ್‌ನಲ್ಲಿ 98 ಅಂಕದ ಒಟ್ಟಾವಾಗೆ 95 ಅಂಕದ ಬಾಸ್ಟನ್ ಎದುರಾಳಿ. ಇನ್ನು ಲಾಸ್ ಏಂಜಲೀಸ್ ಅಭಿಮಾನಿಗಳ ಬೇಸರ ಅರ್ಥವಾಗುವಂಥದ್ದೇ: 2022ರಿಂದ 2025ರವರೆಗೆ ಸತತ ನಾಲ್ಕು ವರ್ಷ ಮೊದಲ ಸುತ್ತಿನಲ್ಲಿ ಎಡ್ಮಂಟನ್ನೇ ಎದುರಾಯಿತು, ನಾಲ್ಕು ಸಲವೂ ಸೋಲು.

ಅಂಕಪಟ್ಟಿ ಎಲ್ಲಿ ದಾರಿ ತಪ್ಪಿಸುತ್ತದೆ

ಲೀಗ್ ಹಂತದಲ್ಲಿ ಗೆದ್ದರೆ 2 ಅಂಕ, 60 ನಿಮಿಷದೊಳಗೆ ಸೋತರೆ ಸೊನ್ನೆ. ಸಮಬಲವಾಗಿ ಹೆಚ್ಚುವರಿ ಆಟದಲ್ಲಿ ಸೋತರೆ 1. ಆ ಹೆಚ್ಚುವರಿ ಆಟ ಮೂವರಿಗೆ ಮೂವರಂತೆ ಐದು ನಿಮಿಷ, ಅದರಲ್ಲೂ ಇತ್ಯರ್ಥವಾಗದಿದ್ದರೆ ಶೂಟೌಟ್. ಪ್ಲೇಆಫ್‌ನಲ್ಲಿ ಇವೆರಡೂ ಇಲ್ಲ. ಅಲ್ಲಿ ಐವರಿಗೆ ಐವರು, 20 ನಿಮಿಷದ ಅವಧಿ, ಮೊದಲ ಗೋಲಿಗೆ ಆಟ ಮುಗಿಯಿತು. ಹಾಗಾಗಿ ಶೂಟೌಟ್‌ನಲ್ಲಿ ಗಳಿಸಿದ ಅಂಕ ಏಪ್ರಿಲ್‌ನಲ್ಲಿ ಕೆಲಸಕ್ಕೆ ಬಾರದು. ಎರಡು ತಂಡಗಳನ್ನು ತೂಗುವಾಗ ಒಟ್ಟು ಅಂಕದ ಪಕ್ಕದಲ್ಲೇ 60 ನಿಮಿಷದೊಳಗಿನ ಗೆಲುವುಗಳ ಸಂಖ್ಯೆಯನ್ನು ಇಟ್ಟುಕೊಳ್ಳಿ. ಅಂಕ ಸಮವಾದಾಗ ಲೀಗ್ ಕೂಡ ಮೊದಲು ನೋಡುವುದು ಇದನ್ನೇ. ಅದರ ಜೊತೆಗೆ ಗೋಲು ವ್ಯತ್ಯಾಸ. ಈ ಎರಡು ಅಂಕಿಗಳು ಒಂದೇ ಕಡೆ ಬೆರಳು ತೋರಿಸಿದರೆ ನಂಬಬಹುದು. ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ ಎಳೆದರೆ ಆ ತಂಡದ ಅಂಕದಲ್ಲಿ ಗಾಳಿ ತುಂಬಿದೆ ಎಂದೇ ಅರ್ಥ.

ಇನ್ನೊಂದು ಬಲೆ: ಅಂಕಪಟ್ಟಿಗೆ ಅಕ್ಟೋಬರ್ ಕೂಡ ಒಂದೇ, ಏಪ್ರಿಲ್ ಕೂಡ ಒಂದೇ. 2019ರ ಜನವರಿ ಆರಂಭದಲ್ಲಿ ಸೇಂಟ್ ಲೂಯಿಸ್ ಬ್ಲೂಸ್ ಇಡೀ ಲೀಗ್‌ನಲ್ಲಿ ಕಟ್ಟಕಡೆಯ ಸ್ಥಾನದಲ್ಲಿತ್ತು. ಅದೇ ತಿಂಗಳು ಜೋರ್ಡನ್ ಬಿನ್ನಿಂಗ್ಟನ್ ಗೋಲಿನ ಮುಂದೆ ನಿಂತ. ಜೂನ್‌ನಲ್ಲಿ ಕಪ್ ಆ ತಂಡದ ಕೈಯಲ್ಲಿತ್ತು. ಗೋಲ್‌ಕೀಪರ್ ಬದಲಾಗಿದ್ದರೆ, ತರಬೇತುದಾರ ಬದಲಾಗಿದ್ದರೆ, ಮಾರ್ಚ್‌ನ ಆಟಗಾರರ ವಿನಿಮಯದ ಗಡುವಿಗೆ ಮುಂಚೆ ದೊಡ್ಡ ಹೆಸರು ಬಂದಿದ್ದರೆ, ಬದಲಾದ ಮೇಲಿನ 25 ಪಂದ್ಯಗಳನ್ನು ಪ್ರತ್ಯೇಕವಾಗಿ ನೋಡುವುದು ಒಳ್ಳೆಯದು. 2025ರಲ್ಲಿ ಮಿಕ್ಕೊ ರಾಂಟನೆನ್ ಜನವರಿಯಲ್ಲಿ ಕೊಲೊರಾಡೊ ಬಿಟ್ಟು ಕ್ಯಾರೊಲೈನಾಗೆ, ಮಾರ್ಚ್‌ನಲ್ಲಿ ಅಲ್ಲಿಂದ ಡಲ್ಲಾಸ್‌ಗೆ ಹೋದ. ಮೇ 3ರಂದು ಕೊಲೊರಾಡೊ ವಿರುದ್ಧದ ಏಳನೆಯ ಪಂದ್ಯದಲ್ಲಿ ಡಲ್ಲಾಸ್ 0-2 ಹಿಂದಿತ್ತು. ಮೂರನೆಯ ಅವಧಿಯಲ್ಲಿ ಇದೇ ರಾಂಟನೆನ್ ಮೂರು ಗೋಲು ಹೊಡೆದು ತನ್ನ ಹಳೆಯ ತಂಡವನ್ನು 4-2ರಿಂದ ಮನೆಗೆ ಕಳಿಸಿದ. ಅಕ್ಟೋಬರ್‌ನ ಅಂಕಗಳನ್ನು ಹಿಡಿದುಕೊಂಡು ಆ ಸರಣಿಯ ಭವಿಷ್ಯ ಹೇಳಿದವರು ಅವನನ್ನು ಎದುರು ಪಾಳಯದಲ್ಲಿ ಎಣಿಸಿದಂತಾಯಿತು.

ಏಳು ಪಂದ್ಯಗಳು ಎಷ್ಟು ಹೇಳಬಲ್ಲವು

ಗಣಿತ ಸಣ್ಣದು, ಆದರೆ ಅದಿಲ್ಲದೆ ವಾದಕ್ಕೆ ತಳಪಾಯ ಇಲ್ಲ. ಒಂದು ತಂಡ ಪ್ರತಿ ಪಂದ್ಯದಲ್ಲೂ ಎದುರಾಳಿಯನ್ನು 100ಕ್ಕೆ 55 ಸಲ ಸೋಲಿಸಬಲ್ಲದು ಎಂದುಕೊಳ್ಳಿ. ಹಾಕಿಯಲ್ಲಿ ಇದು ಒಳ್ಳೆಯ ಮೇಲುಗೈಯೇ. ಏಳು ಪಂದ್ಯಗಳ ಸರಣಿಯನ್ನು ಆ ತಂಡ ಗೆಲ್ಲುವ ಸಾಧ್ಯತೆ ಸುಮಾರು 61%. ಪಂದ್ಯಕ್ಕೆ 60% ಇದ್ದರೆ ಸರಣಿಗೆ 71%. ಅಂದರೆ ಎದ್ದು ಕಾಣುವಷ್ಟು ಬಲವಾದ ತಂಡವೂ ಹತ್ತರಲ್ಲಿ ಮೂರು ಸರಣಿ ಸೋಲುತ್ತದೆ. ನಾಲ್ಕೂ ಸುತ್ತಿನಲ್ಲಿ ಅದೇ 55% ಮೇಲುಗೈ ಇಟ್ಟುಕೊಂಡ ತಂಡಕ್ಕೆ ಕಪ್ ಸಿಗುವ ಸಾಧ್ಯತೆ ಸುಮಾರು 14%, ಏಳಕ್ಕೆ ಒಂದು. 60% ಇದ್ದರೂ ನಾಲ್ಕಕ್ಕೆ ಒಂದೇ.

ಇದನ್ನು ತಲೆಯಲ್ಲಿಟ್ಟುಕೊಂಡರೆ ಕೆಲವು ದೊಡ್ಡ ಆಘಾತಗಳ ಗಾತ್ರ ಸರಿಯಾಗಿ ಕಾಣುತ್ತದೆ. 2019ರಲ್ಲಿ 62 ಗೆಲುವು, 128 ಅಂಕ ಗಳಿಸಿದ್ದ ಟ್ಯಾಂಪಾ ಬೇ ಲೈಟ್ನಿಂಗ್ ಮೊದಲ ಸುತ್ತಿನಲ್ಲಿ ಕೊಲಂಬಸ್‌ಗೆ 0-4ರಿಂದ ಸೋತಿತು. ಮೊದಲ ಪಂದ್ಯದಲ್ಲಿ 3-0 ಮುಂದಿದ್ದು 3-4ರಿಂದ ಕಳೆದುಕೊಂಡಿತ್ತು. ತಂಡವನ್ನು ಒಡೆದುಹಾಕಬೇಕು ಎಂಬ ಮಾತು ಎಲ್ಲೆಡೆ ಎದ್ದಿತು. ಒಡೆಯಲಿಲ್ಲ. 2020 ಮತ್ತು 2021ರಲ್ಲಿ ಬಹುಪಾಲು ಅದೇ ಮುಖಗಳು ಕಪ್ ಎತ್ತಿದವು. ಒಂದು ಸರಣಿಯ ಫಲಿತಾಂಶದಿಂದ ಒಂದು ತಂಡದ ಹಣೆಬರಹ ಓದಲು ಹೋದರೆ ಎಷ್ಟು ಎಡವುತ್ತೇವೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಸರಣಿ ಎಷ್ಟು ಪಂದ್ಯಕ್ಕೆ ಹೋಗುತ್ತದೆ ಎಂಬ ಪಣಕ್ಕೂ ಲೆಕ್ಕವಿದೆ. ಎರಡೂ ತಂಡ ಸಮಬಲ ಎಂದಾದರೆ ನಾಲ್ಕಕ್ಕೇ ಮುಗಿಯುವುದು 12.5%, ಐದಕ್ಕೆ 25%, ಆರಕ್ಕೂ ಏಳಕ್ಕೂ ತಲಾ 31.25%. ಸಮಬಲದ ತಂಡಗಳಲ್ಲೂ ಎಂಟಕ್ಕೆ ಒಂದು ಸರಣಿ 4-0 ಆಗುತ್ತದೆ. ಹಾಗಾಗಿ 4-0 ಎಂಬ ಅಂಕಿ ಒಂದರಿಂದಲೇ ಸೋತವರು ಲಾಯಕ್ಕಿಲ್ಲ ಎಂದು ತೀರ್ಪು ಕೊಡಲಾಗದು. ಆ ನಾಲ್ಕರಲ್ಲಿ ಎಷ್ಟು ಪಂದ್ಯ ಒಂದು ಗೋಲಿನ ಅಂತರದ್ದು ಎಂದು ಮೊದಲು ಕೇಳಬೇಕು. ಖಾಲಿ ಗೋಲಿಗೆ ಹೊಡೆದದ್ದನ್ನು ಕಳೆದು ಎಣಿಸುವುದೂ ಮುಖ್ಯ. ಕೊನೆಯ ಒಂದೆರಡು ನಿಮಿಷದಲ್ಲಿ ಹಿಂದಿರುವ ತಂಡ ಗೋಲ್‌ಕೀಪರನ್ನು ಹೊರಕ್ಕೆ ಕರೆದು ಆರನೆಯ ದಾಳಿಗಾರನನ್ನು ಇಳಿಸುತ್ತದೆ, ಬೆನ್ನಿಗೇ ಎದುರಾಳಿ ಬರಿದಾದ ಬಲೆಗೆ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ತಳ್ಳುತ್ತಾನೆ. 3-1 ಎಂದು ಕಾಣುವುದು 58ನೆಯ ನಿಮಿಷದವರೆಗೆ 2-1 ಆಗಿದ್ದ ಪಂದ್ಯವಾಗಿರಬಹುದು.

0-3 ಹಿಂದಿದ್ದು ಸರಣಿ ಗೆದ್ದದ್ದು ಲೀಗ್ ಇತಿಹಾಸದಲ್ಲಿ ನಾಲ್ಕೇ ಸಲ: 1942ರಲ್ಲಿ ಟೊರಾಂಟೊ (ಅದೂ ಫೈನಲ್‌ನಲ್ಲಿ, ಡೆಟ್ರಾಯ್ಟ್ ವಿರುದ್ಧ), 1975ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್, 2010ರಲ್ಲಿ ಫಿಲಡೆಲ್ಫಿಯಾ, 2014ರಲ್ಲಿ ಲಾಸ್ ಏಂಜಲೀಸ್. ಹಾಗೆ ಹಿಂದುಳಿದ ತಂಡಗಳು 200ಕ್ಕೂ ಹೆಚ್ಚು. ಸಮಬಲ ಎಂದಿಟ್ಟುಕೊಂಡರೆ ಸತತ ನಾಲ್ಕು ಗೆಲ್ಲುವ ಸಾಧ್ಯತೆ 16ಕ್ಕೆ ಒಂದು. ಆದರೆ 0-3 ಆಗಿರುವ ತಂಡ ಸಾಮಾನ್ಯವಾಗಿ ಬಲದಲ್ಲೂ ಕಡಿಮೆ. ಪಂದ್ಯಕ್ಕೆ 40% ಹಿಡಿದರೆ ಅದು 2.6%ಕ್ಕೆ ಇಳಿಯುತ್ತದೆ. ಚರಿತ್ರೆ ಹೇಳುವುದೂ ಹೆಚ್ಚುಕಡಿಮೆ ಅದನ್ನೇ.

ಕೊನೆಯ ಬದಲಾವಣೆ ಎಂಬ ಅಸ್ತ್ರ

ಜೋಡಿ ಹೊಂದುವುದು, ಹೊಂದದಿರುವುದು ಎಂದು ಅಭಿಮಾನಿಗಳು ಆಡುವ ಮಾತಿನ ಜೀವಾಳ ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡಬೇಕು.

ಒಂದು ತಂಡದಲ್ಲಿ ಸಾಮಾನ್ಯವಾಗಿ 12 ಮುಂಪಡೆಯವರು, 6 ರಕ್ಷಕರು, ಇಬ್ಬರು ಗೋಲ್‌ಕೀಪರ್‌ಗಳು. ಮುಂಪಡೆ ಮೂವರ ನಾಲ್ಕು ಲೈನ್‌ಗಳಾಗಿ, ರಕ್ಷಣೆ ಇಬ್ಬರ ಮೂರು ಜೋಡಿಗಳಾಗಿ ಇಳಿಯುತ್ತದೆ. ಒಂದು ಶಿಫ್ಟ್, ಅಂದರೆ ಒಮ್ಮೆ ಐಸ್‌ಗೆ ಇಳಿದು ಆಡುವ ಹೊತ್ತು, ಮುಕ್ಕಾಲು ನಿಮಿಷದ ಆಸುಪಾಸು. ಆಟ ನಿಂತಾಗ ಮೊದಲು ಪ್ರವಾಸಿ ತಂಡ ಆಟಗಾರರನ್ನು ಬದಲಿಸಬೇಕು. ಅದಕ್ಕೆ 5 ಸೆಕೆಂಡು. ರೆಫರಿ ಕೈ ಎತ್ತಿದ ಮೇಲೆ ತವರು ತಂಡಕ್ಕೆ 8 ಸೆಕೆಂಡು. ಎದುರಾಳಿ ಯಾರನ್ನು ಇಳಿಸಿದ್ದಾನೆ ಎಂದು ಕಣ್ಣಾರೆ ಕಂಡು ತವರು ತಂಡದ ತರಬೇತುದಾರ ತನ್ನ ಐವರನ್ನು ಆರಿಸುತ್ತಾನೆ. ಎದುರಿನ ಅತ್ಯುತ್ತಮ ಲೈನ್ ಬಂದರೆ ತನ್ನ ಗಟ್ಟಿ ರಕ್ಷಕ ಜೋಡಿ, ಅವರ ನಾಲ್ಕನೆಯ ಲೈನ್ ಬಂದರೆ ತನ್ನ ತಾರೆಗಳು. ಏಳು ಪಂದ್ಯಗಳಲ್ಲಿ ಒಂದು, ಎರಡು, ಐದು, ಏಳನೆಯವು ಹೆಚ್ಚು ಅಂಕದ ತಂಡದ ತವರಿನಲ್ಲಿ ನಡೆಯುವುದರಿಂದ ಈ ಸೌಲಭ್ಯ ಒಂದು ಪಂದ್ಯಕ್ಕೆ ಹೆಚ್ಚಾಗಿ ಸಿಗುತ್ತದೆ.

2024ರ ಫೈನಲ್‌ಗೆ ಮರಳೋಣ. ಫ್ಲೋರಿಡಾ ಯೋಜನೆಯಲ್ಲಿ ಗುಟ್ಟೇನೂ ಇರಲಿಲ್ಲ: ಮೆಕ್‌ಡೇವಿಡ್ ಇಳಿದಾಗ ನಾಯಕ ಅಲೆಕ್ಸಾಂಡರ್ ಬಾರ್ಕೊವ್ ಲೈನ್, ಹಿಂದೆ ಗುಸ್ತಾವ್ ಫೋರ್ಸ್ಲಿಂಗ್–ಆರನ್ ಎಕ್‌ಬ್ಲಾಡ್ ಜೋಡಿ. ನಾಲ್ಕನೆಯ ಪಂದ್ಯ ಎಡ್ಮಂಟನ್‌ನಲ್ಲಿ. ಮೆಕ್‌ಡೇವಿಡ್ ಒಂದು ಗೋಲು ಹೊಡೆದು ಮೂರಕ್ಕೆ ನೆರವಾದ. ಕೊನೆಯ ಬದಲಾವಣೆ ಎಡ್ಮಂಟನ್ ಕೈಯಲ್ಲಿತ್ತು, ಬಾರ್ಕೊವ್‌ನಿಂದ ಅವನನ್ನು ಬಿಡಿಸಿದರು ಎಂಬ ವಿವರಣೆ ಬಲು ಸಲೀಸಾಗಿ ಹೊಂದುತ್ತದೆ. ಆದರೆ ಐದನೆಯ ಪಂದ್ಯ ಫ್ಲೋರಿಡಾ ತವರಿನಲ್ಲಿ. ಅಲ್ಲಿ ಬದಲಾವಣೆಯ ಅಧಿಕಾರ ಫ್ಲೋರಿಡಾದ್ದೇ, ಆದರೂ ಮೆಕ್‌ಡೇವಿಡ್ ಎರಡು ಗೋಲು, ಎರಡು ನೆರವು. ಆರನೆಯದು ಮತ್ತೆ ಎಡ್ಮಂಟನ್‌ನಲ್ಲಿ, ತಂಡ 5-1ರಿಂದ ಗೆದ್ದರೂ ಅವನ ಹೆಸರಿಗೆ ಏನೂ ಇಲ್ಲ. ಏಳನೆಯದರಲ್ಲೂ ಇಲ್ಲ. ಒಂದೇ ಸರಣಿಯೊಳಗೆ ಆ ವಿವರಣೆ ನಿಂತೂ ಬಿದ್ದೂ ಆಯಿತು.

ಏಕೆಂದರೆ ಈ ಅಸ್ತ್ರಕ್ಕೆ ಮಿತಿಗಳಿವೆ. ಹೆಚ್ಚಿನ ಬದಲಾವಣೆಗಳು ಆಟ ಓಡುತ್ತಿರುವಾಗಲೇ ನಡೆಯುತ್ತವೆ, ಅಲ್ಲಿ ಐದು-ಎಂಟು ಸೆಕೆಂಡಿನ ನಿಯಮವೇ ಅನ್ವಯಿಸದು. ಒಬ್ಬ ಆಟಗಾರ ಶಿಕ್ಷೆಗೆ ಹೊರಹೋದರೆ ಎರಡು ನಿಮಿಷದ ಪವರ್ ಪ್ಲೇಗೆ, ಅಂದರೆ ಎದುರಾಳಿಗೆ ಒಬ್ಬ ಆಟಗಾರ ಹೆಚ್ಚಿರುವ ಹೊತ್ತಿಗೆ, ಬೇರೆಯೇ ಐವರು ಇಳಿಯುತ್ತಾರೆ. ಅಲ್ಲಿ ಲೈನ್‌ಗೆ ಲೈನ್ ಕಟ್ಟುವ ಲೆಕ್ಕವೆಲ್ಲ ಕಳಚಿ ಬೀಳುತ್ತದೆ. ಐಸಿಂಗ್ ಇನ್ನೊಂದು. ಒತ್ತಡದಲ್ಲಿರುವ ತಂಡ ಪಕ್ ಅನ್ನು ನಡುಗೆರೆಯ ಹಿಂದಿನಿಂದ ಎದುರು ಗೋಲಿನ ಗೆರೆಯಾಚೆಗೆ ಒಗೆದರೆ ಆಟ ನಿಲ್ಲಿಸಿ ಅವರದೇ ತುದಿಯಲ್ಲಿ ಪಕ್ ಬೀಳಿಸುತ್ತಾರೆ, ಒಗೆದವರು ಆಟಗಾರರನ್ನು ಬದಲಿಸುವಂತಿಲ್ಲ. ಎದುರಾಳಿ ಬದಲಿಸಬಹುದು. ದಣಿದ ಐವರ ಎದುರು ತಾಜಾ ಐವರು. ಗೋಲು ಮರುಪ್ರಸಾರ ನೋಡುವಾಗ ಹೊಡೆದವನಿಗಿಂತ ಮೊದಲು ಗೋಲು ಬಿಟ್ಟುಕೊಟ್ಟ ಕಡೆಯ ಐವರು ಎಷ್ಟು ಹೊತ್ತಿನಿಂದ ಐಸ್ ಮೇಲಿದ್ದರು ಎಂದು ನೋಡಿ. ನಿಮಿಷ ದಾಟಿದ್ದರೆ ಕಾರಣದ ಅರ್ಧ ಅಲ್ಲೇ ಸಿಕ್ಕಿತು.

ಎರಡನೆಯ ಅವಧಿಗೆ ತಂಡಗಳು ತುದಿ ಬದಲಿಸುತ್ತವೆ, ಬೆಂಚು ಮಾತ್ರ ಇದ್ದಲ್ಲೇ ಇರುತ್ತದೆ. ಆಗ ತಮ್ಮ ಗೋಲಿನ ಕಡೆಯಿಂದ ಬೆಂಚಿಗೆ ದೂರ ಹೆಚ್ಚು. ದಣಿದ ರಕ್ಷಕ ಒಳಗೆ ಸಿಕ್ಕಿಬಿದ್ದರೆ ಹೊರಬರಲು ಪರದಾಡುತ್ತಾನೆ. ಪ್ಲೇಆಫ್‌ನ ಮೊದಲ ಹೆಚ್ಚುವರಿ ಅವಧಿಯಲ್ಲೂ ಇದೇ ದೂರದ ಬದಲಾವಣೆ, ಅದೂ ಕಾಲು ಸೋತು ಬಂದ ಹೊತ್ತಿನಲ್ಲಿ.

ಗೋಲ್‌ಕೀಪರ್, ಮತ್ತು ಅವನ ಮೇಲೆ ಹೊರಿಸುವ ಹೊರೆ

ಪಂದ್ಯಕ್ಕೆ 30 ಹೊಡೆತ ಬರುತ್ತವೆ ಎಂದಿಟ್ಟುಕೊಳ್ಳಿ. .920ರ ತಡೆ ಪ್ರಮಾಣದ, ಅಂದರೆ 100ರಲ್ಲಿ 92 ಹೊಡೆತ ತಡೆಯುವ, ಗೋಲ್‌ಕೀಪರ್ ಸರಾಸರಿ 2.4 ಗೋಲು ಬಿಡುತ್ತಾನೆ, .890ರವನು 3.3. ದಶಮಾಂಶದ ಆಚೆಗಿನ ಈ ಸಣ್ಣ ಅಂತರ ಪಂದ್ಯಕ್ಕೆ ಹೆಚ್ಚುಕಡಿಮೆ ಒಂದು ಗೋಲು. ಬೇರೆ ಯಾವ ಆಟಗಾರನಿಗೂ ಇಷ್ಟು ತೂಕವಿಲ್ಲ. 2012ರಲ್ಲಿ ಎಂಟನೆಯ ಶ್ರೇಯಾಂಕದ ಲಾಸ್ ಏಂಜಲೀಸ್ ಕಪ್ ಗೆದ್ದಾಗ ಜೊನಾಥನ್ ಕ್ವಿಕ್‌ನ ಪ್ರಮಾಣ .946. 2010ರಲ್ಲಿ 121 ಅಂಕದ ವಾಷಿಂಗ್ಟನ್ ಮಾಂಟ್ರಿಯಲ್ ವಿರುದ್ಧದ ಸರಣಿಯಲ್ಲಿ 3-1 ಮುಂದಿತ್ತು. ಆರನೆಯ ಪಂದ್ಯದಲ್ಲಿ ಮಾಂಟ್ರಿಯಲ್‌ನ ಯಾರೊಸ್ಲಾವ್ ಹಲಾಕ್ 54 ಹೊಡೆತಗಳಲ್ಲಿ 53 ತಡೆದ. ಸರಣಿ ಮಾಂಟ್ರಿಯಲ್ ಕೈಸೇರಿತು.

ಅದೇ ಕಾರಣಕ್ಕೆ ಮೋಸ ಹೋಗುವುದೂ ಇಲ್ಲೇ. ಏಳು ಪಂದ್ಯಗಳ ಸರಣಿಯಲ್ಲಿ ಒಬ್ಬ ಗೋಲ್‌ಕೀಪರ್‌ಗೆ ಸುಮಾರು 200 ಹೊಡೆತ. ನಿಜವಾದ ಯೋಗ್ಯತೆ .910 ಇರುವವನೂ ಬರೀ ಏರುಪೇರಿನಿಂದಲೇ ಮೂರರಲ್ಲಿ ಎರಡು ಸಲ .890 ಮತ್ತು .930ರ ನಡುವೆ ಎಲ್ಲಾದರೂ ನಿಲ್ಲುತ್ತಾನೆ, ಮೂರನೆಯ ಸಲ ಅದಕ್ಕೂ ಆಚೆ. ಒಂದೇ ಸರಣಿಯ ಅಂಕಿ ಇಟ್ಟುಕೊಂಡು ಇವನು ಒತ್ತಡ ತಾಳುವವನು, ಅವನು ತಾಳದವನು ಎಂದು ಹೇಳುವುದು ಅವಸರ. 2024ರ ಫೈನಲ್‌ನಲ್ಲೇ ನೋಡಿ. ಮೊದಲ ಪಂದ್ಯದಲ್ಲಿ ಎಡ್ಮಂಟನ್ 32 ಹೊಡೆತ, ಫ್ಲೋರಿಡಾ ಬರೀ 18. ಸೆರ್ಗೆಯ್ ಬೊಬ್ರೊವ್‌ಸ್ಕಿ 32ನ್ನೂ ತಡೆದ. ನಾಲ್ಕನೆಯದರಲ್ಲಿ ಅದೇ ಬೊಬ್ರೊವ್‌ಸ್ಕಿ 16 ಹೊಡೆತಕ್ಕೆ 5 ಗೋಲು ಬಿಟ್ಟು ಮಧ್ಯದಲ್ಲೇ ಹೊರಬಂದ. ಏಳನೆಯದರಲ್ಲಿ 24ಕ್ಕೆ 23 ತಡೆದ. ಮನುಷ್ಯ ಒಬ್ಬನೇ, ಹದಿನೈದು-ಹದಿನಾರು ದಿನಗಳ ಅಂತರ. ಎಡ್ಮಂಟನ್‌ನ 23 ಗೋಲಿನಲ್ಲಿ 18 ಮೂರೇ ಪಂದ್ಯಗಳಲ್ಲಿ ಬಂದವು. ಆದರೆ ಪಂದ್ಯಕ್ಕೆ ಬೇಕಾದ್ದು ಒಂದು ಗೋಲಿನ ಮೇಲುಗೈ. ನಾಲ್ಕನೆಯ ಪಂದ್ಯದ ಎಂಟರಲ್ಲಿ ಉಳಿದದ್ದನ್ನು ಏಳನೆಯದಕ್ಕೆ ಸಾಗಿಸಲು ಬರುವುದಿಲ್ಲ.

2023ರ ಬಾಸ್ಟನ್ ಕತೆ ಈ ಎಲ್ಲ ಎಳೆಗಳೂ ಸೇರಿದ ಗಂಟು. 65 ಗೆಲುವು, 135 ಅಂಕ, ಎರಡೂ ಲೀಗ್ ದಾಖಲೆ. ಎದುರಾಳಿ 92 ಅಂಕದ ಫ್ಲೋರಿಡಾ. ಬಾಸ್ಟನ್ 3-1 ಮುಂದೆ. ಐದನೆಯ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಗೋಲ್‌ಕೀಪರ್ ಲೈನಸ್ ಉಲ್‌ಮಾರ್ಕ್ ಪಕ್ ಹೊರಕಳಿಸುವಾಗ ಎಡವಿದ, ಮ್ಯಾಥ್ಯೂ ಟ್ಕಾಚುಕ್ ಗೋಲು. ಆರನೆಯದು 7-5. ಏಳನೆಯದಕ್ಕೆ ಉಲ್‌ಮಾರ್ಕ್ ಬದಲು ಜೆರೆಮಿ ಸ್ವೇಮನ್. ಬಾಸ್ಟನ್ 3-2 ಮುಂದಿದ್ದಾಗ ಕೊನೆಯ ನಿಮಿಷದಲ್ಲಿ ಬ್ರ್ಯಾಂಡನ್ ಮಾಂಟೂರ್ ಸಮ ಮಾಡಿದ, ಹೆಚ್ಚುವರಿ ಅವಧಿಯಲ್ಲಿ ಕಾರ್ಟರ್ ವೆರ್‌ಹೇಗೆ ಮುಗಿಸಿದ. ಸ್ವೇಮನ್‌ನನ್ನು ಮೊದಲೇ ಇಳಿಸಬೇಕಿತ್ತು ಎಂಬ ವಾದ ಇಂದಿಗೂ ಆರಿಲ್ಲ. ಉಲ್‌ಮಾರ್ಕ್ ಆ ವರ್ಷ ಅತ್ಯುತ್ತಮ ಗೋಲ್‌ಕೀಪರ್‌ಗೆ ಸಿಗುವ ವೆಜಿನಾ ಟ್ರೋಫಿ ಗೆದ್ದವನು. ಅವನನ್ನು 3-1 ಮುಂದಿರುವಾಗ ಕೂರಿಸಿ ಸೋತಿದ್ದರೆ ಬೈಗುಳ ಎಷ್ಟು ಬೀಳುತ್ತಿತ್ತು ಎಂದು ಊಹಿಸಿದರೆ ಸಾಕು, ಆ ನಿರ್ಧಾರದ ಕಷ್ಟ ಗೊತ್ತಾಗುತ್ತದೆ. ನಿರ್ಧಾರವನ್ನು ತೂಗಬೇಕಾದದ್ದು ಅದನ್ನು ತೆಗೆದುಕೊಂಡ ಗಳಿಗೆಯಲ್ಲಿ ಕೈಯಲ್ಲಿದ್ದ ಮಾಹಿತಿಯಿಂದ.

ಹೆಚ್ಚುವರಿ ಅವಧಿಯ ಸೋಲು-ಗೆಲುವಿಗೆ ಹೆಚ್ಚು ಅರ್ಥ ಕಟ್ಟಬಾರದು ಎಂಬುದೂ ಇದರಲ್ಲೇ ಅಡಗಿದೆ. 1936ರ ಮಾರ್ಚ್ 24ರಂದು ಆರಂಭವಾದ ಡೆಟ್ರಾಯ್ಟ್–ಮಾಂಟ್ರಿಯಲ್ ಮರೂನ್ಸ್ ಪಂದ್ಯಕ್ಕೆ ಗೋಲು ಸಿಕ್ಕಿದ್ದು 116 ನಿಮಿಷ 30 ಸೆಕೆಂಡಿನ ಹೆಚ್ಚುವರಿ ಆಟದ ಮೇಲೆ, 1-0. 2020ರ ಆಗಸ್ಟ್ 11ರಂದು ಟ್ಯಾಂಪಾ–ಕೊಲಂಬಸ್ ಐದನೆಯ ಹೆಚ್ಚುವರಿ ಅವಧಿ ತನಕ ಹೋಯಿತು. ಸೋತ ಕಡೆಯ ಯೂನಾಸ್ ಕೊರ್ಪಿಸಾಲೊ 85 ಹೊಡೆತ ತಡೆದಿದ್ದ. ಅಮೆರಿಕದ ಪೂರ್ವ ಕರಾವಳಿಯ ಸಂಜೆ 7ರ ಪಂದ್ಯ ನಮ್ಮಲ್ಲಿ ಬೆಳಗಿನ ಜಾವ 4.30ಕ್ಕೆ. ಬೆಂಗಳೂರಿನಲ್ಲಿ ಅಲಾರಂ ಇಟ್ಟು ಏಳುವವರಿಗೆ ಇಂಥ ಪಂದ್ಯ ಸಿಕ್ಕರೆ ಆಫೀಸಿನ ಹೊತ್ತೂ ದಾಟುತ್ತದೆ.

ರೆಫರಿಯ ಮೇಲಿನ ದೂರು

ಎಲ್ಲ ದೂರುಗಳೂ ಒಂದೇ ತೂಕದವಲ್ಲ. 2019ರ ಏಪ್ರಿಲ್‌ನಲ್ಲಿ ಸ್ಯಾನ್ ಹೊಸೆಯಲ್ಲಿ ನಡೆದ ವೇಗಸ್ ವಿರುದ್ಧದ ಏಳನೆಯ ಪಂದ್ಯ ಆ ಊರಿನ ಕನ್ನಡಿಗರಿಗೂ ಚೆನ್ನಾಗಿ ನೆನಪಿರಬಹುದು. ಮೂರನೆಯ ಅವಧಿಯಲ್ಲಿ ವೇಗಸ್ 3-0 ಮುಂದೆ. ಫೇಸ್‌ಆಫ್ (ಪಕ್ ಬೀಳಿಸಿ ಆಟ ಮತ್ತೆ ಶುರು ಮಾಡುವುದು) ಆದ ಕೂಡಲೇ ಜೋ ಪವೆಲ್‌ಸ್ಕಿ ಬಿದ್ದು ತಲೆಗೆ ಪೆಟ್ಟಾಯಿತು, ವೇಗಸ್‌ನ ಕೋಡಿ ಈಕಿನ್‌ಗೆ ಐದು ನಿಮಿಷದ ಮೇಜರ್ ಶಿಕ್ಷೆ ವಿಧಿಸಿದರು. ಎರಡು ನಿಮಿಷದ ಸಾಮಾನ್ಯ ಶಿಕ್ಷೆ ಒಂದು ಗೋಲು ಬಿದ್ದರೆ ಮುಗಿಯುತ್ತದೆ. ಮೇಜರ್ ಹಾಗಲ್ಲ, ಎಷ್ಟೇ ಗೋಲು ಬಿದ್ದರೂ ಐದು ನಿಮಿಷ ಪೂರ್ತಿ. ಸ್ಯಾನ್ ಹೊಸೆ ಆ ಐದು ನಿಮಿಷದೊಳಗೆ ನಾಲ್ಕು ಗೋಲು ಹೊಡೆಯಿತು, ಕೊನೆಗೆ ಹೆಚ್ಚುವರಿ ಅವಧಿಯಲ್ಲಿ 5-4ರಿಂದ ಗೆದ್ದಿತು. ಮುಂದಿನ ಋತುವಿನಿಂದ ಮೇಜರ್ ಶಿಕ್ಷೆಗಳನ್ನು ರೆಫರಿಗಳು ವಿಡಿಯೋ ನೋಡಿ ಖಚಿತಪಡಿಸಬೇಕೆಂಬ ನಿಯಮ ಬಂತು. ವೇಗಸ್ ದೂರಿನಲ್ಲಿ ಸತ್ವವಿತ್ತು ಎನ್ನಲು ಅದೇ ಸಾಕು. ಆದರೆ ಅದೇ ಪಂದ್ಯದಲ್ಲಿ ವೇಗಸ್ ಕೊನೆಯ ನಿಮಿಷದಲ್ಲಿ 4-4 ಮಾಡಿ ಮತ್ತೊಂದು ಅವಕಾಶ ಪಡೆದಿತ್ತು, ಸರಣಿಯಲ್ಲಿ 3-1 ಮುಂದಿತ್ತು ಎಂಬುದೂ ಅಷ್ಟೇ ನಿಜ. ತೀರ್ಪು ಒಂದು ಕಾರಣ ಹೌದು, ಏಕೈಕ ಕಾರಣ ಅಲ್ಲ.

ತರಬೇತುದಾರರ ಮೇಲ್ಮನವಿ ಇನ್ನೊಂದು ಕವಲು. ಗೋಲ್‌ಕೀಪರ್‌ಗೆ ಅಡ್ಡಿಯಾಯಿತು ಅಥವಾ ಆಫ್‌ಸೈಡ್ ಎಂದು ಗೋಲನ್ನು ಪ್ರಶ್ನಿಸಬಹುದು, ಆದರೆ ತಪ್ಪಾದರೆ ಎರಡು ನಿಮಿಷದ ಶಿಕ್ಷೆ. 2025ರಲ್ಲಿ ಎಡ್ಮಂಟನ್ ವಿರುದ್ಧ ಸರಣಿಯಲ್ಲಿ 2-0 ಮುಂದಿದ್ದ ಲಾಸ್ ಏಂಜಲೀಸ್, ಮೂರನೆಯ ಪಂದ್ಯದಲ್ಲಿ ಎಡ್ಮಂಟನ್ 4-4 ಮಾಡಿದ ಗೋಲನ್ನು ಪ್ರಶ್ನಿಸಿ ಸೋತಿತು, ಬೆನ್ನಿಗೇ ಸಿಕ್ಕ ಪವರ್ ಪ್ಲೇಯಲ್ಲಿ ಎಡ್ಮಂಟನ್ ಐದನೆಯದನ್ನು ಹೊಡೆಯಿತು. ಪಂದ್ಯ 7-4. ಅದಾದ ಮೇಲೆ ಆ ಸರಣಿಯಲ್ಲಿ ಲಾಸ್ ಏಂಜಲೀಸ್ ಒಂದನ್ನೂ ಗೆಲ್ಲಲಿಲ್ಲ.

ಒಂದು ತಂಡಕ್ಕೆ ಶಾಪ ತಟ್ಟಿದೆ ಎಂಬ ಮಾತನ್ನು ಬೇಗ ಮುಗಿಸಬಹುದು. ಟೊರಾಂಟೊ 2013, 2018, 2019, 2024ರಲ್ಲಿ ಬಾಸ್ಟನ್‌ಗೆ ಏಳನೆಯ ಪಂದ್ಯದಲ್ಲೇ ಸೋತಿದೆ. 2013ರ ಆ ಸರಣಿಯಲ್ಲಿ ಟೊರಾಂಟೊ ಪರ ಆಡಿದ ಒಬ್ಬನೂ 2024ರ ಟೊರಾಂಟೊ ತಂಡದಲ್ಲಿರಲಿಲ್ಲ. ಅಭಿಮಾನಿಯ ನೋವು ನಾಲ್ಕೂ ಸಲ ಒಂದೇ, ಆಟಗಾರರ ಪಟ್ಟಿ ಒಂದೇ ಅಲ್ಲ.

ಸರಣಿ ಶುರುವಾಗುವ ಮುಂಚೆ ಬರೆದಿಡುವ ಅಭ್ಯಾಸ ವಾದವನ್ನು ತುಂಬ ನೇರ್ಪುಗೊಳಿಸುತ್ತದೆ. ಇಂಥ ತಂಡ ಗೆಲ್ಲುತ್ತದೆ ಎಂದಷ್ಟೇ ಬರೆಯದೆ ಶೇಕಡಾ ಎಷ್ಟು ಎಂದು ಬರೆಯಿರಿ. ಪಕ್ಕದಲ್ಲಿ ಕಾರಣ: ಗೋಲ್‌ಕೀಪರ್, ಪವರ್ ಪ್ಲೇ, ಕೊನೆಯ ಬದಲಾವಣೆ, ಹೀಗೆ ಯಾವುದು ಎಂದು ಹೆಸರಿಸಿ. 60% ಎಂದು ಬರೆದ ಹತ್ತು ಸರಣಿಗಳಲ್ಲಿ ಆರರ ಆಸುಪಾಸು ನಿಜವಾದರೆ ನಿಮ್ಮ ಕಣ್ಣು ಸರಿಯಿದೆ. ಹತ್ತೂ ನಿಜವಾದರೆ ನೀವು ಅಂಜಿ ಕಡಿಮೆ ಹೇಳಿದ್ದೀರಿ, ಇಲ್ಲವೇ ಅದೃಷ್ಟ ಕೂಡಿಬಂದಿದೆ.

ಸೋತ ತಾರೆಯ ಬಗ್ಗೆ ತೀರ್ಪು ಬರೆಯುವ ಮುಂಚೆ ಮಾತ್ರ ಒಂದು ವಾರ ಕಾಯಿರಿ. ಪ್ಲೇಆಫ್ ನಡೆಯುತ್ತಿರುವಾಗ ತಂಡಗಳು ಗಾಯದ ವಿವರ ಬಿಟ್ಟುಕೊಡುವುದಿಲ್ಲ. ದೇಹದ ಮೇಲ್ಭಾಗದ ಗಾಯ, ಕೆಳಭಾಗದ ಗಾಯ, ಅಷ್ಟೇ ಹೇಳಿಕೆ. ಜಾಗ ಗೊತ್ತಾದರೆ ಎದುರಾಳಿ ಅಲ್ಲಿಗೇ ಗುದ್ದುತ್ತಾನೆ ಎಂಬ ಭಯ. ಸರಣಿ ಮುಗಿದ ಮೇಲೆ ನಿಜ ಹೊರಬರುತ್ತದೆ. 2013ರ ಫೈನಲ್‌ನ ಆರನೆಯ ಪಂದ್ಯದಲ್ಲಿ ಶಿಕಾಗೊ 17 ಸೆಕೆಂಡಿನಲ್ಲಿ ಎರಡು ಗೋಲು ಹೊಡೆದು ಬಾಸ್ಟನ್‌ನಿಂದ ಕಪ್ ಕಿತ್ತುಕೊಂಡಿತು. ಆ ರಾತ್ರಿ ಬಾಸ್ಟನ್ ಪರ ಐಸ್ ಮೇಲಿದ್ದ ಪ್ಯಾಟ್ರಿಸ್ ಬರ್ಜರಾನ್‌ಗೆ ಪಕ್ಕೆಲುಬು ಮುರಿದಿತ್ತು, ಶ್ವಾಸಕೋಶ ತೂತಾಗಿತ್ತು. ಅದು ಲೋಕಕ್ಕೆ ತಿಳಿದದ್ದು ಪಂದ್ಯ ಮುಗಿದ ಮೇಲೆ.